‘ದೇವರು ಹೇಳಿದನು’, ‘ದೇವರು ಹೇಳಿದರು’: ಇಂಗ್ಲೆಂಡಿನ ಲಿಂಗಚರ್ಚೆ ಕನ್ನಡದ ಪ್ರಾರ್ಥನೆಗೆ ಎಷ್ಟು ಹೊಂದುತ್ತದೆ?

2025ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಧರ್ಮಗುರುವಿನ ಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೀಠಕ್ಕೆ ಸಾರಾ ಮುಲಲ್ಲಿ ಅವರ ಹೆಸರು ಪ್ರಕಟವಾಯಿತು. 597ರಿಂದ ನಡೆದುಬಂದಿರುವ ಆ ಪೀಠಕ್ಕೆ ಮಹಿಳೆಯೊಬ್ಬರು ಆಯ್ಕೆಯಾದದ್ದು ಇದೇ ಮೊದಲು. ಅದಕ್ಕೂ ಮುಂಚೆ, 2023ರ ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ಚರ್ಚು ಇನ್ನು ಮುಂದೆ ದೇವರನ್ನು ‘ಅವನು’ ಎನ್ನುವುದಿಲ್ಲವಂತೆ ಎಂಬ ಧಾಟಿಯ ತಲೆಬರಹಗಳು ಜಗತ್ತಿನಾದ್ಯಂತ ಓಡಾಡಿದ್ದವು. ಅದೇ ವರ್ಷದ ಜುಲೈಯಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಸ್ಟೀಫನ್ ಕಾಟ್ರೆಲ್ ಅವರು, ಯೇಸು ಕಲಿಸಿದ ಪ್ರಾರ್ಥನೆಯ ‘ತಂದೆಯೇ’ ಎಂಬ ಸಂಬೋಧನೆ ಕೆಲವರಿಗೆ ಕಷ್ಟವಾಗಬಹುದು ಎಂದಾಗ ಮತ್ತೊಂದು ಸುತ್ತಿನ ಗದ್ದಲವೆದ್ದಿತು. ಈ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಕನ್ನಡದ ಓದುಗರಿಗೆ, ಮಹಿಳೆ ಬಿಷಪ್ ಆದರು, ಆದ್ದರಿಂದ ದೇವರೂ ಹೆಣ್ಣಾಗಲಿದ್ದಾರೆ ಎಂಬಂಥ ಒಂದು ಕಥೆ ತಾನಾಗಿ ಹೆಣೆದುಕೊಂಡರೆ ಆಶ್ಚರ್ಯವಿಲ್ಲ.

ಬೆಂಗಳೂರಿನಲ್ಲಿ ಈ ಗೊಂದಲಕ್ಕೆ ಇನ್ನೊಂದು ಪದರವಿದೆ. ಇಲ್ಲಿ ಒಂದೇ ಚರ್ಚಿನಲ್ಲಿ ಭಾನುವಾರದ ಒಂದು ಹೊತ್ತು ಇಂಗ್ಲಿಷ್, ಇನ್ನೊಂದು ಹೊತ್ತು ಕನ್ನಡ, ಮತ್ತೊಂದು ಹೊತ್ತು ತಮಿಳು ಆರಾಧನೆ ನಡೆಯುವುದು ಸಾಮಾನ್ಯ. ಇಂಗ್ಲಿಷಿನಲ್ಲಿ ಹುಟ್ಟಿದ ವಾದವನ್ನು ಕನ್ನಡಕ್ಕೆ ಹಾಗೆಯೇ ಇಳಿಸಿಕೊಂಡರೆ, ಇಲ್ಲದ ಕಡೆ ಸಮಸ್ಯೆ ಕಾಣುತ್ತದೆ, ಇರುವ ಕಡೆ ಕಾಣದೆ ಹೋಗುತ್ತದೆ.

ಒಂದೇ ಗಂಟಿನಲ್ಲಿ ಮೂರು ಪ್ರಶ್ನೆ

ಸುದ್ದಿಗಳಲ್ಲಿ ಕಲಸಿಹೋಗಿರುವ ಪ್ರಶ್ನೆಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಆರಾಧನೆಯನ್ನು ಯಾರು ನಡೆಸಬಹುದು ಎಂಬುದು ಒಂದು. ಸಭೆಯಲ್ಲಿ ಕುಳಿತವರನ್ನು ಹೇಗೆ ಕರೆಯಬೇಕು, ‘ಸಹೋದರರೇ’ ಎಂದರೆ ಸಾಕೇ ಎಂಬುದು ಎರಡನೆಯದು. ದೇವರ ಬಗ್ಗೆ ಮಾತನಾಡುವಾಗ ಯಾವ ಲಿಂಗದ ಪದ ಬಳಸಬೇಕು ಎಂಬುದು ಮೂರನೆಯದು.

ಈ ಮೂರಕ್ಕೂ ಉತ್ತರ ಒಂದೇ ಆಗಿರಬೇಕೆಂದೇನೂ ಇಲ್ಲ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪರಂಪರೆಗಳು ಕೂಡಿ ಆದ ಸಭೆ. ಅದು ಮಹಿಳೆಯರಿಗೆ ಬಹಳ ಹಿಂದೆಯೇ ಗುರುದೀಕ್ಷೆ, ಅಂದರೆ ಪಾದ್ರಿಯಾಗಿ ಆರಾಧನೆ ನಡೆಸುವ ಅಧಿಕಾರ, ಕೊಟ್ಟಿದೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳಾ ಬಿಷಪ್ ಬಂದರು. ಕ್ಯಾಂಟರ್ಬರಿಗಿಂತ ಹನ್ನೆರಡು ವರ್ಷ ಮೊದಲೇ ಇದು ಆಯಿತೆಂಬುದನ್ನು ನಮ್ಮ ಸುದ್ದಿಮನೆಗಳು ನೆನಪಿಸಿದ್ದು ಕಡಿಮೆ. ಆದರೆ ಅದರಿಂದ ಕನ್ನಡದ ಆರಾಧನಾ ಪುಸ್ತಕದಲ್ಲಿ ‘ತಂದೆ’ ಎಂಬ ಪದ ಅಲುಗಾಡಲಿಲ್ಲ. ಕಥೋಲಿಕ ಸಭೆಯ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಮಹಿಳೆಯರಿಗೆ ಗುರುದೀಕ್ಷೆ ಇಲ್ಲ, ಆದರೆ ಅದರ ಅಧಿಕೃತ ಧರ್ಮೋಪದೇಶ ಗ್ರಂಥ ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ, ದೇವರು ದೇವರೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಪೋಪ್ ಒಂದನೆಯ ಜಾನ್ ಪಾಲ್ ಅವರು ತಮ್ಮ ಕೇವಲ ಮೂವತ್ತಮೂರು ದಿನಗಳ ಅಧಿಕಾರಾವಧಿಯಲ್ಲಿ, 1978ರ ಸೆಪ್ಟೆಂಬರ್ 10ರಂದು, ದೇವರು ನಮ್ಮ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಎಂದಿದ್ದರು.

ಇಂಗ್ಲೆಂಡಿನಲ್ಲಿ ನಿಜವಾಗಿ ಆದದ್ದು

2023ರಲ್ಲಿ ನಡೆದದ್ದು ತಲೆಬರಹಕ್ಕಿಂತ ಬಹಳ ಚಿಕ್ಕ ಸಂಗತಿ. ಇಂಗ್ಲೆಂಡಿನ ಚರ್ಚಿನ ಮಹಾಸಭೆಯಲ್ಲಿ, ಲಿಂಗಸೂಚಕವಲ್ಲದ ಪದಗಳಿಂದ ದೇವರನ್ನು ಕುರಿತು ಮಾತನಾಡಲು ಬಯಸುವವರಿಗೆ ಅಧಿಕೃತ ಆರಾಧನೆಯಲ್ಲಿ ಆಯ್ಕೆ ಸಿಗುವುದೇ ಎಂಬ ಪ್ರಶ್ನೆ ಬಂತು. ಆರಾಧನಾ ಆಯೋಗದ ಪರವಾಗಿ ಉತ್ತರಿಸಿದ ಬಿಷಪರು, ಈ ವಿಚಾರ ಹಲವು ವರ್ಷಗಳಿಂದ ಪರಿಶೀಲನೆಯಲ್ಲಿದೆ, ಜಂಟಿ ಅಧ್ಯಯನವೊಂದು ಆರಂಭವಾಗಲಿದೆ ಎಂದರು. ಈಗ ಬಳಕೆಯಲ್ಲಿರುವ ವಿಧಿಗಳನ್ನು ಕೈಬಿಡುವ ಯೋಜನೆಯಿಲ್ಲವೆಂದು ಚರ್ಚು ಪ್ರತ್ಯೇಕವಾಗಿ ಸ್ಪಷ್ಟಪಡಿಸಿತು. ಸ್ವೀಡನ್ನಿನ ಲೂಥರನ್ ಚರ್ಚು 2017ರಲ್ಲಿ ಹೊಸ ಆರಾಧನಾ ಕೈಪಿಡಿಗೆ ಒಪ್ಪಿಗೆ ಕೊಟ್ಟಾಗಲೂ ಹೀಗೆಯೇ ಆಗಿತ್ತು: ‘ಅವನು’ ಎಂಬ ಪದ ನಿಷೇಧವಾಯಿತೆಂದು ಸುದ್ದಿ, ಹಾಗೇನಿಲ್ಲ ಎಂದು ಚರ್ಚಿನ ವಿವರಣೆ. ಪರಿಶೀಲನೆ ತೀರ್ಮಾನವಾಗಿ, ಆಯ್ಕೆ ಕಡ್ಡಾಯವಾಗಿ ಸುದ್ದಿಯಲ್ಲಿ ಬೆಳೆಯುತ್ತಾ ಹೋಗುತ್ತದೆ.

ಬೆಂಗಳೂರಿಗೆ ಹತ್ತಿರದ ಇನ್ನೊಂದು ಬೆಳವಣಿಗೆ ಗದ್ದಲವಿಲ್ಲದೆ ನಡೆದುಹೋಯಿತು, ಅದೂ ವಿರುದ್ಧ ದಿಕ್ಕಿನಲ್ಲಿ. ‘ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್’ ಎಂಬ ಬೈಬಲ್ ಅನುವಾದದ ಕಥೋಲಿಕ ಆವೃತ್ತಿ 2018ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. 2020ರಿಂದ ಭಾರತದ ಲ್ಯಾಟಿನ್ ವಿಧಿಯ, ಅಂದರೆ ರೋಮನ್ ಪದ್ಧತಿಯ, ಕಥೋಲಿಕ ಚರ್ಚುಗಳಲ್ಲಿ ಇಂಗ್ಲಿಷ್ ಪೂಜೆಯ ವಾಚನಗಳು ಅದರಿಂದಲೇ. ಮೂಲ ಗ್ರೀಕಿನ ‘ಅದೆಲ್ಫೊಯ್’ ಎಂಬ ಪದ ಗಂಡು ಹೆಣ್ಣು ಕೂಡಿದ ಸಭೆಯನ್ನೂ ಸೂಚಿಸಬಲ್ಲದು. ಈ ಅನುವಾದ ಮಾತ್ರ ಪಠ್ಯದಲ್ಲಿ ‘ಬ್ರದರ್ಸ್’ ಎಂದೇ ಇಟ್ಟು, ಸಹೋದರಿಯರನ್ನು ಅಡಿಟಿಪ್ಪಣಿಗೆ ಕಳುಹಿಸುತ್ತದೆ. 2024ರ ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಥೋಲಿಕ ಸಭೆ ಇದೇ ಅನುವಾದಕ್ಕೆ ಹೊರಳಿದಾಗ ಅಲ್ಲಿ ಆಕ್ಷೇಪಗಳು ಕೇಳಿಬಂದವು. ಇಲ್ಲಿ ಅದು ಜಾರಿಗೆ ಬಂದ ಹೊತ್ತಿಗೆ ಲಾಕ್‌ಡೌನ್. ಚರ್ಚಿನ ಬಾಗಿಲುಗಳೇ ಮುಚ್ಚಿದ್ದವು.

ಬದಲಾವಣೆ ಬೇಕೆನ್ನುವವರು

ಬದಲಾವಣೆ ಬಯಸುವವರ ವಾದಕ್ಕೆ ಎರಡು ಬೇರುಗಳಿವೆ. ಮೊದಲನೆಯದು ಬೈಬಲ್ಲೇ. ಯೆಶಾಯನ ಗ್ರಂಥದಲ್ಲಿ ದೇವರು ತಾಯಿ ಮಗುವನ್ನು ಸಂತೈಸುವಂತೆ ಸಂತೈಸುತ್ತಾರೆ (66:13), ಹೆರಿಗೆಯ ನೋವಿನಲ್ಲಿರುವ ಹೆಂಗಸಿನಂತೆ ಕೂಗುತ್ತಾರೆ (42:14). ಯೇಸು ತನ್ನನ್ನು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿಗೆ ಹೋಲಿಸಿಕೊಂಡ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಕಳೆದುಹೋದ ಕುರಿಯನ್ನು ಹುಡುಕುವ ಕುರುಬನ ಸಾಮತಿಯ (ದೃಷ್ಟಾಂತ ಕಥೆಯ) ಬೆನ್ನಿಗೇ ಲೂಕನು ಇನ್ನೊಂದನ್ನು ಇಟ್ಟಿದ್ದಾನೆ: ಹತ್ತು ನಾಣ್ಯಗಳಲ್ಲಿ ಒಂದು ಕಳೆದಾಗ ದೀಪ ಹಚ್ಚಿ ಮನೆ ಗುಡಿಸಿ ಹುಡುಕುವ ಹೆಂಗಸಿನದು. ಕುರುಬನ ಚಿತ್ರ ಎಷ್ಟು ಮನೆಗಳ ಗೋಡೆಯ ಮೇಲಿದೆ, ಪೊರಕೆ ಹಿಡಿದ ಹೆಂಗಸಿನದು ಎಷ್ಟು ಗೋಡೆಯ ಮೇಲಿದೆ ಎಂದು ಕೇಳಿದರೆ ಅವರ ವಾದದ ಅರ್ಧ ಭಾಗ ಹೇಳಿದಂತಾಯಿತು.

ಎರಡನೆಯದು ಅನುಭವ. ಯಾರ್ಕಿನ ಆರ್ಚ್‌ಬಿಷಪ್ ಹೇಳಿದ್ದು ಇದನ್ನೇ: ಮನೆಯ ತಂದೆಯಿಂದ ಹಿಂಸೆ ಅನುಭವಿಸಿದವರ ಕಿವಿಗೆ ‘ತಂದೆಯೇ’ ಎಂಬ ಪದ ಸಾಂತ್ವನವಾಗಿ ಬೀಳದೆ ಹೋಗಬಹುದು. ಇದನ್ನು ಪಾಶ್ಚಾತ್ಯರ ಅತಿಸೂಕ್ಷ್ಮತೆ ಎಂದು ತಳ್ಳಿಹಾಕುವ ಮುನ್ನ ನಮ್ಮ ರಾಜ್ಯದ ಅಂಕಿಯೊಂದನ್ನು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಆ ಮನೆಗಳಲ್ಲಿ ಮಕ್ಕಳೂ ಇರುತ್ತಾರೆ, ಅವರಿಗೆ ಆ ಗಂಡನೇ ತಂದೆ.

ಬೇಡವೆನ್ನುವವರು

ವಿರೋಧಿಸುವವರೆಲ್ಲ ದೇವರು ಗಂಡಸೆಂದು ನಂಬಿದವರು ಎಂದುಕೊಂಡರೆ ತಪ್ಪಾಗುತ್ತದೆ. ನಾಲ್ಕನೆಯ ಶತಮಾನದಲ್ಲಿಯೇ ನಜಿಯಾಂಜಸ್‌ನ ಗ್ರೆಗರಿ ಎಂಬ ದೇವಶಾಸ್ತ್ರಜ್ಞ, ವ್ಯಾಕರಣದ ಪುಲ್ಲಿಂಗವನ್ನು ಹಿಡಿದು ದೇವರನ್ನು ಗಂಡೆಂದು ಊಹಿಸುವವರನ್ನು ಗೇಲಿ ಮಾಡಿದ್ದನು. ಹಾಗಾದರೆ ಸ್ತ್ರೀಲಿಂಗದಲ್ಲಿರುವ ‘ದೈವತ್ವ’ವನ್ನು ಹೆಣ್ಣೆನ್ನಬೇಕೇ ಎಂಬುದು ಅವನ ಧಾಟಿ. ಇವರ ವಾದದ ಬಿಗಿ ಇರುವುದು ಬೇರೆ ಕಡೆ. ‘ತಾಯಿಯಂತೆ’ ಎಂಬುದು ಹೋಲಿಕೆ, ‘ತಂದೆ’ ಎಂಬುದು ಹೆಸರು, ಯೇಸುವೇ ‘ಅಬ್ಬಾ’ (ಅಪ್ಪಾ) ಎಂದು ಕರೆದು ಕೊಟ್ಟ ಹೆಸರು, ಹೋಲಿಕೆಗಳನ್ನು ಎಷ್ಟಾದರೂ ಸೇರಿಸಬಹುದು, ಕೊಟ್ಟ ಹೆಸರನ್ನು ಬದಲಿಸುವ ಅಧಿಕಾರ ಸಭೆಗಿಲ್ಲ ಎಂಬುದು ಅವರ ನಿಲುವು.

ಎಲ್ಲಕ್ಕಿಂತ ಗಟ್ಟಿಯಾದ ಗೆರೆ, ಒಬ್ಬರನ್ನು ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ವಾಕ್ಯದಲ್ಲಿದೆ. ಪಿತ, ಸುತ, ಪವಿತ್ರಾತ್ಮ ಎನ್ನುವ ಬದಲು ‘ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವವ’ ಎಂಬರ್ಥದ ಇಂಗ್ಲಿಷ್ ಪದಗಳಿಂದ ಕೊಟ್ಟ ಜ್ಞಾನಸ್ನಾನ ಸಿಂಧುವಲ್ಲ, ಅಂಥವರಿಗೆ ಮತ್ತೆ ಕೊಡಬೇಕು ಎಂದು ವ್ಯಾಟಿಕನ್ 2008ರಲ್ಲಿ ತೀರ್ಪು ಕೊಟ್ಟಿತು. ಆ ಮೂರು ಪದಗಳು ದೇವರ ಕೆಲಸಗಳನ್ನು ಹೇಳುತ್ತವೆಯೇ ಹೊರತು ತ್ರಿತ್ವದೊಳಗಿನ ಸಂಬಂಧವನ್ನು ಹೇಳುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಇದರ ಪರಿಣಾಮ ದೇವಶಾಸ್ತ್ರದ ತರಗತಿಗೆ ಸೀಮಿತವಲ್ಲ: ಜ್ಞಾನಸ್ನಾನವೇ ಅಸಿಂಧುವಾದರೆ ಅದರ ಮೇಲೆ ನಿಂತ ದೃಢೀಕರಣ, ಗುರುದೀಕ್ಷೆಗಳೂ ನಿಲ್ಲುವುದಿಲ್ಲ, ಮದುವೆಯ ದಾಖಲೆಯೂ ಪ್ರಶ್ನೆಗೊಳಗಾಗುತ್ತದೆ.

ಭಾರತದಲ್ಲಿ ಇನ್ನೊಂದು ಅಳುಕೂ ಇದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.87. ಇಷ್ಟು ಚಿಕ್ಕ ಸಮುದಾಯ ತನ್ನ ಪ್ರಾರ್ಥನೆಯ ಪದಗಳನ್ನು ಗುರುತಿನ ಆಧಾರವಾಗಿ ಹಿಡಿದುಕೊಳ್ಳುವುದು ಸಹಜ. ಅಣ್ಣಮ್ಮದೇವಿಯೇ ನಗರದೇವತೆಯಾಗಿರುವ ಊರಿನಲ್ಲಿ, ಬಡಾವಣೆಗೊಂದು ಅಮ್ಮನ ಗುಡಿಯಿರುವ ಕಡೆ, ‘ತಾಯಿ ದೇವರೇ’ ಎಂದರೆ ಕೇಳುವವರಿಗೆ ಏನು ಅರ್ಥವಾಗುತ್ತದೆ ಎಂಬ ಅವರ ಪ್ರಶ್ನೆಯನ್ನು ಒಪ್ಪದಿರಬಹುದು, ಅರ್ಥವಿಲ್ಲದ್ದು ಎನ್ನಲಾಗದು.

ಕನ್ನಡದ ಕ್ರಿಯಾಪದ ಹಿಡಿದ ದಾರಿ

ಇಂಗ್ಲಿಷಿನ ಕಷ್ಟ ಇರುವುದು ಸರ್ವನಾಮದಲ್ಲಿ. ಏಕವಚನದಲ್ಲಿ ‘ಹೀ’, ‘ಶೀ’, ‘ಇಟ್’ ಎಂಬ ಮೂರೇ ಬಾಗಿಲು. ‘ದೇ’ ಎಂದರೆ ಹಲವು ದೇವರುಗಳಾದಂತೆ ಕೇಳುತ್ತದೆ. ಆದ್ದರಿಂದಲೇ ಅಲ್ಲಿ ‘ಹಿಮ್‌ಸೆಲ್ಫ್’ ಬದಲು ‘ಗಾಡ್‌ಸೆಲ್ಫ್’ ಎಂಬಂಥ ಒರಟು ಪದಗಳನ್ನು ಕಟ್ಟಿಕೊಳ್ಳಬೇಕಾಯಿತು. ಕನ್ನಡದಲ್ಲಿ ‘ತಾನು, ತನ್ನ, ತಮ್ಮ’ ಎಂಬುವಕ್ಕೆ ಲಿಂಗವೇ ಇಲ್ಲ. ಒಬ್ಬರನ್ನೇ ಗೌರವದಿಂದ ‘ಅವರು’ ಎನ್ನುವುದು ಮನೆಮಾತು. ಅದರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ, ಸಂಖ್ಯೆಯ ಗೊಂದಲವೂ ಕಡಿಮೆ. ಅಷ್ಟೇ ಏಕೆ, ‘ದೇವರು’ ಎಂಬ ಪದವೇ ರೂಪದಲ್ಲಿ ಗೌರವ ಬಹುವಚನ.

ಹಾಗಿದ್ದರೂ ಕನ್ನಡ ಬೈಬಲ್ಲಿನ ಮೊದಲ ವಾಕ್ಯವನ್ನು ತೆರೆದು ನೋಡಿ. ಹಳೆಯ ಪ್ರೊಟೆಸ್ಟೆಂಟ್ ಅನುವಾದದಲ್ಲಿ ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು’ ಎಂದಿದೆ. ಕರ್ತೃಪದ ಬಹುವಚನದ ರೂಪದ್ದು, ಕ್ರಿಯಾಪದ ಪುಲ್ಲಿಂಗ ಏಕವಚನ. ಶಾಲೆಯಲ್ಲಿ ಬರೆದಿದ್ದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ಆದರೆ ಹೀಬ್ರೂ ಮೂಲದಲ್ಲಿರುವುದೂ ಇದೇ ಜೋಡಣೆ: ‘ಎಲೋಹೀಮ್’ ಎಂಬುದು ಬಹುವಚನ ರೂಪ, ‘ಬಾರಾ’ ಎಂಬ ಕ್ರಿಯಾಪದ ಪುಲ್ಲಿಂಗ ಏಕವಚನ. ಇದು ನಮ್ಮ ಮಾತಿಗೂ ಹೊರಗಿನದಲ್ಲ. ‘ದೇವರಿದ್ದಾನೆ ಬಿಡಿ’ ಎಂದು ಯಾವ ಧರ್ಮದವರೂ ಹೇಳುತ್ತಾರೆ, ‘ದೇವರು ಕಣ್ಣು ಬಿಟ್ಟ’ ಎಂದು ನಿಟ್ಟುಸಿರು ಬಿಡುತ್ತಾರೆ. ಅನೇಕ ದೇವರುಗಳ ನಡುವೆ ಒಬ್ಬನೇ ದೇವರನ್ನು ಸಾರಲು ಬಂದವರಿಗೆ ‘-ದನು’ ಎಂಬ ಏಕವಚನದಿಂದ ಒಂದು ಅನುಕೂಲವೂ ಆಯಿತು: ‘ದೇವರು ಮಾಡಿದರು’ ಎಂದರೆ ‘ಯಾವ್ಯಾವ ದೇವರು?’ ಎಂದು ಕೇಳುವುದಕ್ಕೆ ಎಡೆಯಿತ್ತು, ‘ಮಾಡಿದನು’ ಎಂದರೆ ಇರಲಿಲ್ಲ. ಅಂದರೆ ಇಲ್ಲಿ ಪುಲ್ಲಿಂಗ ಹೊತ್ತಿದ್ದು ಗಂಡುತನಕ್ಕಿಂತ ಹೆಚ್ಚಾಗಿ ಏಕತ್ವದ ಹೊರೆಯನ್ನು.

ನೆರೆಯ ಭಾಷೆಗಳೊಡನೆ ಇಟ್ಟು ನೋಡಿದರೆ ವಿಷಯ ಇನ್ನೂ ಸ್ವಾರಸ್ಯಕರ. ಅದೇ ವಾಕ್ಯದಲ್ಲಿ ತಮಿಳು ಬೈಬಲ್ ‘ದೇವನ್’ ಎಂದು ಪುಲ್ಲಿಂಗದ ನಾಮಪದವನ್ನಿಟ್ಟು, ಕ್ರಿಯಾಪದಕ್ಕೆ ಮಾತ್ರ ‘-ತ್ತಾರ್’ ಎಂಬ ಲಿಂಗಭೇದವಿಲ್ಲದ ಗೌರವರೂಪ ಕೊಡುತ್ತದೆ. ಕನ್ನಡದ ಜೋಡಣೆಗೆ ಇದು ಸರಿಯಾಗಿ ತಲೆಕೆಳಗು. ತೆಲುಗಿನ ‘ದೇವುಡು’ ಪುಲ್ಲಿಂಗವೇ. ಮಲಯಾಳದಲ್ಲಿ ‘ದೈವಂ ಸೃಷ್ಟಿಚ್ಚು’. ನಾಮಪದದಲ್ಲಿ ಗಂಡಸಿನ ಗುರುತಿಲ್ಲ, ಕ್ರಿಯಾಪದಕ್ಕೆ ಆ ಭಾಷೆಯಲ್ಲಿ ಲಿಂಗದ ಪ್ರತ್ಯಯವೇ ಇಲ್ಲ. ಯೂರೋಪಿನ ಚರ್ಚುಗಳು ಸಮಿತಿ ಮಾಡಿ ಹುಡುಕುತ್ತಿರುವ ವಾಕ್ಯವನ್ನು ಬೆಂಗಳೂರಿನ ಮಲಯಾಳಿ ಸಭೆಗಳು ಪ್ರತಿ ಭಾನುವಾರ ಓದುತ್ತಿವೆ, ಅದರಿಂದಾಗಿ ಅಲ್ಲಿ ಹೆಂಗಸರ ಸ್ಥಾನಮಾನ ಬೇರೆಯವರಿಗಿಂತ ಮೇಲೇರಿಬಿಟ್ಟಿದೆ ಎಂದು ಯಾರೂ ವಾದಿಸಲಾರರು. ಭಾಷೆ ಬದಲಾದರೆ ಸಮಾಜ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆಗೆ ಇದು ನಮ್ಮ ಬೀದಿಯಲ್ಲೇ ಸಿಗುವ ಉತ್ತರ.

ಹೊಸ ಕನ್ನಡ ಅನುವಾದಗಳು ‘ಹೇಳಿದರು’, ‘ಸೃಷ್ಟಿಮಾಡಿದರು’ ಎಂಬ ಗೌರವರೂಪಕ್ಕೆ ಹೊರಳಿವೆ. ಇದರ ಹಿಂದಿದ್ದುದು ಆಧುನಿಕ ಬರಹಗನ್ನಡದ ಮರ್ಯಾದೆ, ಲಿಂಗಸಮಾನತೆಯ ಒತ್ತಾಯವಲ್ಲ. ಇಂಗ್ಲಿಷಿನಲ್ಲಿ ದಶಕಗಳ ಜಗಳದಿಂದಲೂ ಬಾರದ ಬದಲಾವಣೆ ಕನ್ನಡದಲ್ಲಿ ಯಾರೂ ಕೇಳದೆ, ಯಾರೂ ಗಮನಿಸದೆ ಬಂದುಬಿಟ್ಟಿತು.

ಅನುಭವದ ಮಾತು ಮಧ್ಯಮ ಪುರುಷದಲ್ಲಿದೆ

ದೇವರ ಅನುಭವವನ್ನು ಹೇಳಿಕೊಳ್ಳುವ ಭಾಷೆ ಕ್ರೈಸ್ತರಲ್ಲಿ ಹಳೆಯದು. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಎಂಬ ಸಾಧಕಿ 1373ರ ಮೇ ತಿಂಗಳಲ್ಲಿ ಮರಣದ ಅಂಚಿನಲ್ಲಿದ್ದಾಗ ಕಂಡ ದರ್ಶನಗಳನ್ನು ಬರೆದಿಟ್ಟಳು. ಅವಳಿಗೆ ಯೇಸು ತಾಯಿಯಾಗಿ ಕಂಡನು. ಯೇಸು ಗಂಡಸಾಗಿ ಹುಟ್ಟಿದ್ದನ್ನು ಅವಳು ಪ್ರಶ್ನಿಸಲಿಲ್ಲ. ತನಗಾದ ಸಾಂತ್ವನಕ್ಕೆ ತಕ್ಕ ಪದ ಅದೆಂದು ಬರೆದಳು, ಅಷ್ಟೇ. 1738ರ ಮೇ 24ರ ಸಂಜೆ ಲಂಡನ್ನಿನ ಕೂಟವೊಂದರಲ್ಲಿ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಬರೆದ ಜಾನ್ ವೆಸ್ಲಿಯ ಅನುಯಾಯಿಗಳು, ವೇದವಾಕ್ಯ, ಪರಂಪರೆ, ವಿವೇಚನೆಗಳ ಜೊತೆಗೆ ಅನುಭವವನ್ನೂ ನಂಬಿಕೆಯ ಆಧಾರಗಳಲ್ಲಿ ಎಣಿಸಿದರು. ಹಳೆಯ ಮೈಸೂರು ಸೀಮೆಗೆ ಬಂದದ್ದು ಇದೇ ವೆಸ್ಲಿಯನ್ ಮಿಷನ್. ಬೆಂಗಳೂರಿನಲ್ಲಿ ಪಾಲಿಕೆ ಕಚೇರಿಯ ಎದುರಿನ ಹಡ್ಸನ್ ಸ್ಮಾರಕ ದೇವಾಲಯ ಆ ಮಿಷನ್ನಿನ ಒಬ್ಬರ ಹೆಸರಿನದು. ಕನ್ನಡ ಸಭೆಗಳ ಕೂಟಗಳಲ್ಲಿ ಈಗಲೂ ಒಬ್ಬೊಬ್ಬರು ಎದ್ದು ‘ಸಾಕ್ಷಿ ಹೇಳುವುದು’ ಆ ಪರಂಪರೆಗೆ ಹೊಂದುವ ರೂಢಿ.

ಸಾಕ್ಷಿ ಮುಗಿದು ಪ್ರಾರ್ಥನೆ ಶುರುವಾದಾಗ ಭಾಷೆಯಲ್ಲಿ ಏನಾಗುತ್ತದೆ ಎಂಬುದು ಗಮನಿಸಬೇಕಾದ್ದು. ‘ದೇವರು ನನ್ನನ್ನು ಕಾಪಾಡಿದನು’ ಎನ್ನುತ್ತಿದ್ದವರು ‘ನೀನು ಕಾಪಾಡಿದೆ, ಮುಂದೆಯೂ ಕಾಪಾಡು’ ಎನ್ನುತ್ತಾರೆ. ಪ್ರಥಮ ಪುರುಷದಿಂದ ಮಧ್ಯಮ ಪುರುಷಕ್ಕೆ ಬಂದ ಕೂಡಲೇ ಕನ್ನಡದ ಕ್ರಿಯಾಪದ ಲಿಂಗವನ್ನು ಕಳಚಿಟ್ಟುಬಿಡುತ್ತದೆ. ಹಿಂದಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ‘ತೂ ಸುನ್‌ತಾ ಹೈ’ ಎಂದರೆ ಎದುರಿಗಿರುವುದು ಗಂಡು, ‘ಸುನ್‌ತೀ ಹೈ’ ಎಂದರೆ ಹೆಣ್ಣು. ಕನ್ನಡದಲ್ಲಿ ‘ನೀನು ಕೇಳುತ್ತೀ’ ಎಂಬಲ್ಲಿ, ‘ಕೇಳು’, ‘ಕೊಡು’, ‘ಕ್ಷಮಿಸು’ ಎಂಬಲ್ಲಿ, ‘ಒಳ್ಳೆಯದು ಮಾಡಲಿ’ ಎಂಬ ಹಾರೈಕೆಯಲ್ಲಿ, ‘ಕೈಬಿಡುವುದಿಲ್ಲ’ ಎಂಬ ಭರವಸೆಯಲ್ಲಿ ಎಲ್ಲಿಯೂ ಲಿಂಗವಿಲ್ಲ. ದೇವರ ಬಗ್ಗೆ ಹೇಳುವಾಗ ಇರುವ ತೊಡಕು ದೇವರಿಗೇ ಹೇಳುವಾಗ ಇಲ್ಲ. ಸಭೆ ತನ್ನ ನಂಬಿಕೆಯನ್ನು ಒಟ್ಟಾಗಿ ಹೇಳುವ ವಿಶ್ವಾಸ ಪ್ರಮಾಣ, ಉಪದೇಶ, ವಾಚನ ಇವೆಲ್ಲ ಪ್ರಥಮ ಪುರುಷದ ಮಾತುಗಳು, ವಿವಾದ ಹುಟ್ಟುವುದೂ ಅಲ್ಲಿಯೇ. ನೊಂದವರ ಪ್ರಾರ್ಥನೆ ಮಧ್ಯಮ ಪುರುಷದ್ದು. ಅಲ್ಲಿ ಉಳಿಯುವುದು ‘ತಂದೆಯೇ’, ‘ಕರ್ತನೇ’ ಎಂಬ ಸಂಬೋಧನೆಯೊಂದೇ.

‘ನಿನ್ನ’ ಮತ್ತು ‘ನಿಮ್ಮ’

ಕನ್ನಡದ ನಿಜವಾದ ಇಕ್ಕಟ್ಟು ನನಗೆ ಕಾಣುವುದು ಇಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯನ್ನು ‘ನೀನು’ ಎನ್ನುತ್ತಾರೆ, ತಂದೆಯನ್ನು ‘ನೀವು’ ಎನ್ನುತ್ತಾರೆ. ‘ಅಮ್ಮ ಬಂದಳು’, ‘ಅಪ್ಪ ಬಂದರು’. ಏಕವಚನ ತಾಯಿಗೆ ಸಲ್ಲುವ ಸಲಿಗೆ, ಬಹುವಚನ ತಂದೆಗೆ ಸಲ್ಲುವ ದೂರ. ಯೇಸು ಕಲಿಸಿದ ಪ್ರಾರ್ಥನೆಯ ಹಳೆಯ ಪಾಠದಲ್ಲಿ ‘ನಮ್ಮ ತಂದೆಯೇ, ನಿನ್ನ ನಾಮವು’ ಎಂದಿತ್ತು: ತಂದೆ ಎಂಬ ಹೆಸರಿಗೆ ತಾಯಿಯೊಡನೆ ಆಡುವ ಏಕವಚನ. ಹೊಸ ಪಾಠಗಳಲ್ಲಿ ಅದು ‘ನಿಮ್ಮ ನಾಮ’ ಆಗಿದೆ. ಕ್ರಿಯಾಪದದ ಗೌರವರೂಪದಿಂದ ಲಿಂಗ ಹೋಯಿತು, ಆದರೆ ಅದರ ಜೊತೆಗೇ ಬಂದ ಬಹುವಚನ ದೇವರನ್ನು ಹಜಾರದ ಕುರ್ಚಿಯಲ್ಲಿ ಕುಳಿತ ಅಪ್ಪನನ್ನಾಗಿ ಮಾಡಿತು. ಹಿಂಸೆ ಕಂಡ ಮನೆಯಿಂದ ಬಂದವರಿಗೆ ‘ತಂದೆ’ ಎಂಬ ಪದದಲ್ಲಿ ಇರಿಯುವುದು ಅದರ ಲಿಂಗವೋ ಆ ದೂರವೋ ಎಂದು ಕೇಳಿಕೊಳ್ಳದೆ ಪದ ಬದಲಿಸಿದರೆ, ಒಂದು ಮುಳ್ಳು ತೆಗೆದು ಇನ್ನೊಂದನ್ನು ಚುಚ್ಚಿದಂತಾಗಬಹುದು.

ಪವಿತ್ರಾತ್ಮನೋ, ಪವಿತ್ರಾತ್ಮವೋ

ಒಂದೇ ವಿಷಯಕ್ಕೆ ಭಾಷೆಯಿಂದ ಭಾಷೆಗೆ ಲಿಂಗ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪವಿತ್ರಾತ್ಮಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹೀಬ್ರೂವಿನ ‘ರೂಅಹ್’ ಸಾಮಾನ್ಯವಾಗಿ ಸ್ತ್ರೀಲಿಂಗ, ಗ್ರೀಕಿನ ‘ಪ್ನ್ಯೂಮ’ ನಪುಂಸಕ, ಲ್ಯಾಟಿನ್ನಿನ ‘ಸ್ಪಿರಿತುಸ್’ ಪುಲ್ಲಿಂಗ. ಸಿರಿಯಾಕ್ ಭಾಷೆಯಲ್ಲಿಯೂ ‘ರೂಹಾ’ ಸ್ತ್ರೀಲಿಂಗವೇ ಆದ್ದರಿಂದ ಆರಂಭದ ಸಿರಿಯಾಕ್ ಬರಹಗಾರರಿಗೆ ಪವಿತ್ರಾತ್ಮವನ್ನು ತಾಯಿಯೆನ್ನುವುದು ವಿಚಿತ್ರವೆನಿಸಿರಲಿಲ್ಲ. ನಾಲ್ಕನೆಯ ಶತಮಾನದ ಅಫ್ರಹಾತ್ ಹಾಗೆಯೇ ಬರೆದಿದ್ದಾನೆ. ಮುಂದೆ ಆ ಬಳಕೆ ಹಿಂದೆ ಸರಿಯಿತು. ಆ ಸಿರಿಯಾಕ್ ಪರಂಪರೆಯ ವಾರಸುದಾರರಾದ ಕೇರಳ ಮೂಲದ ಸಭೆಗಳು ಇಂದು ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿವೆ.

ಕನ್ನಡದಲ್ಲಿ ದಿನಬಳಕೆಯ ‘ಆತ್ಮ’ ನಪುಂಸಕಲಿಂಗ: ಆತ್ಮ ಹೋಯಿತು, ಆತ್ಮಕ್ಕೆ ಶಾಂತಿ ಸಿಗಲಿ ಎನ್ನುತ್ತೇವೆ. ಬೈಬಲ್ಲಿನಲ್ಲಿ ಅದು ‘ಪವಿತ್ರಾತ್ಮನು’ ಆಯಿತು, ಸಂಸ್ಕೃತದ ಪುಲ್ಲಿಂಗವನ್ನು ಉಳಿಸಿಕೊಂಡಂತೆ. ಕ್ರೈಸ್ತ ಅನುವಾದಕರನ್ನು ಮಾತ್ರ ಇದಕ್ಕೆ ಹೊಣೆ ಮಾಡಲಾಗದು. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಸಾರುವುದು ‘ಆತ್ಮನು’ ಎಂಬ ಪುಲ್ಲಿಂಗದ ರೂಪವನ್ನಿಟ್ಟುಕೊಂಡೇ. ಲಿಂಗವಿಲ್ಲ ಎಂದು ಹೇಳಲು ಕೂಡ ಲಿಂಗದ ಪ್ರತ್ಯಯ ಬೇಕಾಯಿತು.

ಶಿವಾಜಿನಗರದ ಅಮ್ಮ

ಕ್ರೈಸ್ತರ ಆರಾಧನೆಯಲ್ಲಿ ತಾಯಿಯ ಮುಖ ಇಲ್ಲವೆನ್ನುವವರು ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಮುಂದೆ ನಿಂತು ನೋಡಬಹುದು. ಸೀರೆಯುಟ್ಟ ಮಾತೆಯ ವಿಗ್ರಹ, ತೇರು, ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತ ಎಲ್ಲ ಧರ್ಮದ ಹೆಂಗಸರು. ಅವರ ಬಾಯಲ್ಲಿರುವ ಪದ ‘ಅಮ್ಮ’, ಜೊತೆಗಿರುವುದು ಏಕವಚನ. ಮರಿಯಳು ದೇವರಲ್ಲ, ಪೂಜ್ಯಳು ಮಾತ್ರ ಎಂಬ ಗೆರೆಯನ್ನು ಕಥೋಲಿಕ ಸಭೆ ಎಚ್ಚರದಿಂದ ಕಾಯುತ್ತದೆ, ಪ್ರೊಟೆಸ್ಟೆಂಟರಿಗೆ ಆ ಗೆರೆಯೇ ಸಾಲದೆನಿಸುತ್ತದೆ. ಇದರಿಂದ ಒಂದು ಕುತೂಹಲದ ಸ್ಥಿತಿ ಉಂಟಾಗಿದೆ: ಕಥೋಲಿಕರಿಗೆ ತಾಯಿಯ ಸಂಬೋಧನೆ ಮರಿಯಳಲ್ಲಿ ಸಿಗುವುದರಿಂದ ದೇವರಿಗೆ ಆ ಪದ ಬೇಕೆಂಬ ಒತ್ತಡ ಜನಸಾಮಾನ್ಯರಲ್ಲಿ ಕಡಿಮೆ, ಮರಿಯಳನ್ನು ಬದಿಗಿಟ್ಟ ಪ್ರೊಟೆಸ್ಟೆಂಟರಲ್ಲಿ ಆ ಜಾಗ ಖಾಲಿ. ಬೇಡಿಕೆ ಆಂಗ್ಲಿಕನ್, ಲೂಥರನ್ ಕಡೆಯಿಂದ ಮೊದಲು ಗಟ್ಟಿಯಾಗಿ ಕೇಳಿಬರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮೊದಲು ಬದಲಾಗುವುದು, ಕೊನೆಗೂ ಬದಲಾಗದಿರುವುದು

ಹಾಗಾದರೆ ಇಲ್ಲಿ ಮುಂದೇನು? ಕಥೋಲಿಕರ ಆರಾಧನಾ ಪಠ್ಯಕ್ಕೆ ಆಯಾ ಧರ್ಮಾಧ್ಯಕ್ಷರ ಮಂಡಳಿಯ ಒಪ್ಪಿಗೆಯೂ ವ್ಯಾಟಿಕನ್ನಿನ ಮುದ್ರೆಯೂ ಬೇಕು. 2017ರ ಬಳಿಕ ಅನುವಾದದಲ್ಲಿ ಮಂಡಳಿಗಳ ಕೈ ಸ್ವಲ್ಪ ಮೇಲಾಗಿದೆಯಾದರೂ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಸಿಎಸ್‌ಐನಲ್ಲಿ ಅಧಿಕೃತ ವಿಧಿ ಬದಲಾಗಬೇಕಾದರೆ ಅದು ಸಭೆಯ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನಾಡಿನ ಮಟ್ಟದ ಕೆಲಸ. ಆದ್ದರಿಂದ ಲಂಡನ್ನಿನ ಸುದ್ದಿಯನ್ನು ಓದಿ ಮುಂದಿನ ಭಾನುವಾರ ಪ್ರಾರ್ಥನೆ ಬದಲಾಗುತ್ತದೆಂದು ಹೆದರುವುದಕ್ಕೂ ಹಿಗ್ಗುವುದಕ್ಕೂ ಕಾರಣವಿಲ್ಲ.

ಸಲೀಸಾಗಿ ಬದಲಾಗುವುದು ಜನರನ್ನು ಕುರಿತ ಪದಗಳು. ‘ಸಹೋದರರೇ’ ಎಂಬಲ್ಲಿ ‘ಸಹೋದರ ಸಹೋದರಿಯರೇ’ ಎನ್ನಲು ಯಾವ ದೇವಶಾಸ್ತ್ರವೂ ಅಡ್ಡ ಬರುವುದಿಲ್ಲ. ಕಥೋಲಿಕರ ಇಂಗ್ಲಿಷ್ ವಿಶ್ವಾಸ ಪ್ರಮಾಣದಲ್ಲಿ ‘ನಮಗಾಗಿ’ ಎಂಬಲ್ಲಿ ಈಗಲೂ ಇರುವ ‘ಮೆನ್’ ಪದದ ತಕರಾರು ಕನ್ನಡದಲ್ಲಿ ಹುಟ್ಟುವುದೇ ಇಲ್ಲ. ‘ಮನುಷ್ಯರು’, ‘ಮಾನವರು’ ಎಂದರೆ ಎಲ್ಲರೂ ಬಂದರು. ತೊಡಕಿರುವುದು ‘ಮನುಷ್ಯನು’ ಎಂಬ ಏಕವಚನದಲ್ಲಿ, ‘ಬೇಡಿಕೊಳ್ಳುವವನು’, ‘ನಂಬುವವನು’ ಎಂಬ ಕೃದಂತಗಳಲ್ಲಿ. ಇವನ್ನು ‘ನಂಬುವವರು’ ಎಂದು ಮಾಡಿದರೆ ಅರ್ಥ ಕೆಡುವುದಿಲ್ಲ, ಸಾವಿರಾರು ವಾಕ್ಯಗಳನ್ನು ತಿದ್ದಬೇಕಾಗುತ್ತದೆ ಅಷ್ಟೇ. ಕೀರ್ತನೆಗಳು ಅಷ್ಟು ಬೇಗ ಮಣಿಯುವುದಿಲ್ಲ. ‘-ನು’ ಇದ್ದಲ್ಲಿ ‘-ರು’ ಹಾಕಿದರೆ ಪ್ರಾಸ ಬಿದ್ದುಹೋಗುತ್ತದೆ, ಬಾಯಿಪಾಠ ಬಂದ ಹಿರಿಯರು ಪರದೆಯ ಮೇಲೆ ಏನು ಬಂದರೂ ಹಳೆಯದನ್ನೇ ಹಾಡುತ್ತಾರೆ.

ಮಹಿಳಾ ಸಭಾಪಾಲಕರು ಹೆಚ್ಚಿದಂತೆ ಇನ್ನೊಂದು ಸಣ್ಣ ಸಮಸ್ಯೆ ಮೇಲೆ ಬರುತ್ತದೆ. ಸಭಾಪಾಲಕರನ್ನು ‘ಅಯ್ಯನವರೇ’ ಎನ್ನುವ ರೂಢಿಯಿರುವ ಸಭೆಗಳಲ್ಲಿ ‘ಅಮ್ಮನವರು’ ಎಂದರೆ ಅಯ್ಯನವರ ಹೆಂಡತಿ ಎಂದೇ ಅರ್ಥ. ಗುರುದೀಕ್ಷೆ ಪಡೆದ ಮಹಿಳೆಗೆ ಅದೇ ಪದ ಸಾಕೇ, ‘ಪಾಸ್ಟರ್’ ಎಂಬ ಇಂಗ್ಲಿಷ್ ಪದದ ಮೊರೆ ಹೋಗಬೇಕೇ ಎಂಬುದನ್ನು ಯಾವ ಸಿನಾಡೂ ತೀರ್ಮಾನಿಸುವುದಿಲ್ಲ, ಬಾಗಿಲಲ್ಲಿ ನಿಂತು ಕೈಮುಗಿಯುವ ಜನ ತೀರ್ಮಾನಿಸುತ್ತಾರೆ.

ಜ್ಞಾನಸ್ನಾನದ ವಾಕ್ಯವನ್ನು ಯಾರೂ ಮುಟ್ಟಲಾರರು. ‘ತಂದೆಯೇ’ ಎಂಬ ಸಂಬೋಧನೆಯೂ ಉಳಿಯುತ್ತದೆ. ಅದರ ಬದಿಗೆ, ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಯಾರೂ ಬರೆದುಕೊಡದ ಪ್ರಾರ್ಥನೆಗಳಲ್ಲಿ ‘ಹೆತ್ತ ತಾಯಿಯ ಹಾಗೆ ಎತ್ತಿಕೋ’ ಎಂಬ ಮಾತು ಸೇರಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಅದಕ್ಕೆ ಯೆಶಾಯನ ಆಧಾರವೂ ಇದೆ. ಇಂದಿನ ಒಂದು ಕನ್ನಡ ಆರಾಧನೆಯಲ್ಲಿಯೇ ಹಳೆಯ ಬೈಬಲ್ ಹಿಡಿದವರು ‘ದೇವರು ಹೇಳಿದನು’ ಎಂದು ಓದಿ ಕೂರುತ್ತಾರೆ, ಉಪದೇಶಕ್ಕೆ ನಿಂತವರು ‘ದೇವರು ಹೇಳಿದರು’ ಎನ್ನುತ್ತಾರೆ, ಪ್ರಾರ್ಥನೆಗೆ ತಲೆಬಾಗಿದವರು ‘ನೀನು ಹೇಳಿದೆಯಲ್ಲಾ’ ಎಂದು ನೆನಪಿಸುತ್ತಾರೆ. ಈ ಮೂರೂ ಒಂದೇ ಗಂಟೆಯೊಳಗೆ ನಡೆಯುತ್ತವೆ, ಯಾರೂ ತಿರುಗಿ ನೋಡುವುದಿಲ್ಲ.